ಮಸಿಯ ಟೈ

ಟೊಲ್ಮಿನ್ ಊರಿನ ನನ್ನ ಅಂಗಡಿಗೆ
ದ್ರಾಗಿತ್ಸಾ ಅಜ್ಜಿ ತಂದದ್ದು
ದಿಂಬಿನ ಚೀಲದಲ್ಲಿ ಸುತ್ತಿದ ಒಬ್ಬ ಯುವಕನನ್ನು.
ಚೌಕಟ್ಟಿಲ್ಲ. ಒಂದು ಮೂಲೆಯನ್ನು ಇಲಿ ತಿಂದಿದೆ.
ಹಣೆಯ ಮೇಲೆ ಅಡ್ಡ ಮಡಿಕೆ,
ಗೆರೆ ಬೀಳುವ ವಯಸ್ಸಿಗೆ ಮೊದಲೇ ಬಿದ್ದ ಗೆರೆ.

“ನನ್ನ ಅಜ್ಜನ ತಮ್ಮ, ಯೆರ್ನೆಯ್ ರುತಾರ್.
ಚೊಕ್ಕ ಮಾಡಿ ಬಣ್ಣ ಹಾಕಿಕೊಡು,
ಮೊಮ್ಮಗಳ ಮದುವೆಯೊಳಗೆ.”

ಪರದೆಯ ಮೇಲೆ ಮುಖ ಎಂಟು ಪಟ್ಟು ದೊಡ್ಡದಾಯಿತು.
ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ
ಧೂಳಿನ ಕಣ ಒಂದೊಂದನ್ನೇ ಹೆಕ್ಕಿದೆ.
ಬರೀ ಎಡಗೆನ್ನೆಗೆ ಎರಡು ದಿನ ಹಿಡಿಯಿತು.
ಮೀಸೆಯೆಂದು ತಿಳಿದದ್ದರಲ್ಲಿ ಅರ್ಧ ಬೂಷ್ಟು.

ಆ ಕಾಲದ ಗಾಜಿನ ಫಲಕಕ್ಕೆ ಕೆಂಪು ಕಾಣುತ್ತಿರಲಿಲ್ಲ,
ಕಪ್ಪೆಂದೇ ಬರೆದುಕೊಳ್ಳುತ್ತಿತ್ತು;
ನೀಲಿಯನ್ನು ಬೆಳ್ಳಗೆ ಬಿಟ್ಟುಬಿಡುತ್ತಿತ್ತು.
ಅದಕ್ಕೇ ಹಳೆಯ ಚಿತ್ರಗಳ ನೀಲಿಗಣ್ಣಿನವರೆಲ್ಲ
ನೋಡಬಾರದ್ದೇನನ್ನೋ ನೋಡಿದವರಂತೆ ಕೂತಿರುತ್ತಾರೆ.
ಯೆರ್ನೆಯನ ಕಣ್ಣೂ ಹಾಗೇ.
ಅವನು ಇನ್ನೂ ಏನನ್ನೂ ನೋಡಿರಲಿಲ್ಲ.
ಸ್ಟುಡಿಯೋದ ಬಟ್ಟೆಯ ಮೇಲೆ ಬರೆದ ಕೊಳ, ಒಂದು ಕುರ್ಚಿ,
ಉಸಿರು ಹಿಡಿ ಎನ್ನುವ ಫೋಟೋಗ್ರಾಫರ್,
ಅಷ್ಟೇ.

ಕೊರಳಿಗೆ ಬಂದಾಗ ಕೈ ನಿಂತಿತು.
ಟೈಗೆ ನೆರಳಿಲ್ಲ.
ಕೋಟಿನ ಕಪ್ಪು ಕಾಗದದ ಮೇಲೆ ಕೂತಿದೆ, ಒಳಗಿಳಿದಿಲ್ಲ.
ಅಂಚಿನಲ್ಲಿ ಒಮ್ಮೆ ನಿಬ್ಬು ಜಾರಿದೆ,
ಯಾರೋ ಒರೆಸಿದ್ದಾರೆ, ಒರೆಸಿದ್ದು ಉಳಿದಿದೆ,
ಸುರುಳಿ ಸುರುಳಿ, ಹೆಬ್ಬೆರಳಿನದು.
ಮಸಿಯ ಕೆಳಗೆ ಎದ್ದುನಿಂತ ಕಾಲರು,
ಅದರ ತುದಿಗೆ ಹೊಲಿದ ಬಟ್ಟೆಯ ತುಂಡು,
ಆರು ಗುಂಡಿ.
ಕೈಯಲ್ಲಿದ್ದ ಟೊಪ್ಪಿಯ ಮೇಲೆ ಒಂದು ಪುಸ್ತಕ ಬರೆದಿದ್ದಾರೆ.

ಅಜ್ಜಿಗೆ ಫೋನ್ ಮಾಡಿದೆ.
“ಓ, ಅದಾ. ಕಪ್ಪಂಗಿಯವರು ಮನೆ ಮನೆ ತಡಕುತ್ತಿದ್ದ ಕಾಲ.
ಸೋತ ಚಕ್ರವರ್ತಿಯ ಸಿಪಾಯಿ ಗೋಡೆ ಮೇಲಿದ್ದರೆ ಕೇಳಬೇಕೇ?
ಅವನ ತಾಯಿ ಒಂದು ರಾತ್ರಿ ಮಸಿಕುಡಿಕೆ ಹಿಡಿದು ಕೂತು
ಮಗನನ್ನು ಗುಮಾಸ್ತ ಮಾಡಿದಳು.”

ಗಲೀಶಿಯಾದ ಬಯಲಲ್ಲಿ ಸತ್ತು
ಎಂಟೋ ಒಂಬತ್ತೋ ವರ್ಷವಾದ ಮೇಲೆ
ಅವನಿಗೆ ಹೀಗೆ ಕೆಲಸ ಬದಲಾಯಿತು.

ಮಸಿ ತೆಗೆಯುವುದು ನನಗೆ ಕಷ್ಟವಲ್ಲ. ತೆಗೆದೆ.
ಸಮವಸ್ತ್ರಕ್ಕೆ ಮೀನಿನ ಬೆನ್ನಿನ ಬೂದು,
ಕಾಲರಿನ ತುಂಡಿಗೆ ಪಡೆಯ ಪಟ್ಟಿ ಹೇಳಿದಂತೆ ಗುಲಾಬಿ
(ಸಾಯಲು ಕಳಿಸುವ ಹುಡುಗರ ಕೊರಳಿಗೆ
ಈ ಬಣ್ಣ ಆರಿಸಿದ ಪುಣ್ಯಾತ್ಮ ಯಾರೋ),
ಕಿವಿಯಂಚಿಗೆ ಚೂರು ಕೆಂಪು, ಹೊರಗೆ ಚಳಿಯಿದ್ದಿರಬೇಕು.
ಕಣ್ಣಿಗೆ ಮೂರು ನೀಲಿ ಬೆರೆಸಿ ಮೂರನ್ನೂ ಅಳಿಸಿದೆ,
ಕೊನೆಗೆ ಅಜ್ಜಿಯ ಕಣ್ಣಿನಿಂದಲೇ ಕದ್ದೆ.

ಅವಳು ಬಂದಳು. ಕನ್ನಡಕ ಬದಲಿಸಿದಳು.
ಬಹಳ ಹೊತ್ತು ನೋಡಿ,
“ಚೆನ್ನಾಗಿದ್ದಾನೆ. ಯಾರಿವನು?” ಎಂದಳು.
“ನಮ್ಮವನಿಗೆ ಟೈ ಇತ್ತು, ಕೈಯಲ್ಲಿ ಪುಸ್ತಕವಿತ್ತು.
ಲೆಕ್ಕ ತಪ್ಪಿದಾಗೆಲ್ಲ ಅವನ ಮುಂದೆ ನಿಂತು ಅಳುತ್ತಿದ್ದೆ.
ನಮ್ಮ ಮನೆಯಲ್ಲಿ ಓದಿದವನು ಅವನೊಬ್ಬನೇ.”

ಮಸಿಯ ಪದರವನ್ನು ನಾನು ಎಸೆದಿರಲಿಲ್ಲ.
ಒಂದು ಕೀಲಿ ಒತ್ತಿದೆ. ಗುಲಾಬಿ ಮುಳುಗಿತು,
ಟೈ ಎದ್ದಿತು, ತಾಯಿಯ ಹೆಬ್ಬೆರಳು
ತನ್ನ ಜಾಗಕ್ಕೆ ಬಂದು ಕೂತಿತು.
“ಹ್ಞಾ,” ಎಂದಳು, “ಬಣ್ಣ ಇವನಿಗೆ ಹಾಕು.”

ಸತ್ತ ಸೈನ್ಯದ ಗುಂಡಿ ಹಿತ್ತಾಳೆಯೋ ತವರವೋ ಎಂದು
ವಿಯೆನ್ನಾಕ್ಕೆ ವಾರಗಟ್ಟಲೆ ಪತ್ರ ಬರೆಯುವವಳು ನಾನು.
ಇದಕ್ಕೆ ಯಾರಿಗೆ ಬರೆಯಲಿ?
ಕೇಳಬೇಕಲ್ಲ ಎಂದು ಕೇಳಿದೆ:
“ಟೈ ಯಾವ ಬಣ್ಣ?”

ಕಣ್ಣು ಯಾವ ಬಣ್ಣವೆಂದಾಗ ತಡವರಿಸಿದ್ದವಳು,
ಕೂದಲು ನಿನಗೇ ಬಿಟ್ಟದ್ದು ಎಂದಿದ್ದವಳು
ಈಗ ಕೈಚೀಲದ ಜಿಪ್ ಎಳೆಯುತ್ತ
ತಲೆಯೆತ್ತದೆ ಹೇಳಿದಳು:
“ಹಸಿರು. ಗಾಢ ಹಸಿರು.
ಗಂಟಿನ ಹತ್ತಿರ ಸ್ವಲ್ಪ ಮಾಸಿದೆ.”